ಪ್ರಶ್ನೆ ಕೇಳಿದ ಸದಸ್ಯ : ಫಿರೋಜ್ ಗಾಂಧಿ

ಸಂಸದೀಯ ಪ್ರಜಾಪ್ರಭುತ್ವದಲ್ಲಿ ಜನಪ್ರತಿನಿಧಿಯ ಕೈಗೆ ದೊರೆಯುವ ಸಾಧನಗಳು ಹಲವು. ಮಸೂದೆಯ ಮೇಲಿನ ಚರ್ಚೆ, ಮುಂಗಡಪತ್ರದ ವಿಮರ್ಶೆ, ನಿಲುವಳಿ ಸೂಚನೆ, ಅವಿಶ್ವಾಸ ಗೊತ್ತುವಳಿ ಮುಂತಾದವು ಜನರ ಗಮನವನ್ನು ಬೇಗ ಸೆಳೆಯುತ್ತವೆ. ಇವುಗಳಷ್ಟು ಸದ್ದು ಮಾಡದ, ಆದರೆ ಆಡಳಿತದ ಒಳಮನೆಯನ್ನು ತಲುಪಬಲ್ಲ ಇನ್ನೊಂದು ಸಾಧನವಿದೆ. ಅದು ಮುಂಚಿತವಾಗಿ ಬರೆದುಕೊಟ್ಟು ಸರಕಾರದಿಂದ ಉತ್ತರ ಪಡೆಯುವ ಪ್ರಶ್ನೆ. ಸ್ವತಂತ್ರ ಭಾರತದ ಮೊದಲ ಎರಡು ಲೋಕಸಭೆಗಳಲ್ಲಿ ಈ ಸಾಧನದ ಬೆಲೆಯನ್ನು ಚೆನ್ನಾಗಿ ಅರಿತು ಬಳಸಿದವರಲ್ಲಿ ಫಿರೋಜ್ ಗಾಂಧಿಯವರ ಹೆಸರು ಮುಖ್ಯವಾದುದು. ಅವರು ವಿರೋಧಪಕ್ಷದ ನಾಯಕರಾಗಿರಲಿಲ್ಲ. ಆಳುವ ಪಕ್ಷದ ಹಿಂದಿನ ಸಾಲಿನ ಸದಸ್ಯರಾಗಿದ್ದರು. ಪ್ರಧಾನಿಯ ಅಳಿಯನೆಂಬ ನಂಟು ಅವರ ಹೆಸರಿಗೆ ಅಂಟಿಕೊಂಡಿತ್ತು. ಆದರೂ ಒಂದು ಸರಕಾರಿ ನಿಗಮದ ವ್ಯವಹಾರವನ್ನು ಕುರಿತು ಎದ್ದ ಪ್ರಶ್ನೆಯ ಜಾಡು ಹಿಡಿದು, ತಮ್ಮದೇ ಪಕ್ಷದ ಹಣಕಾಸು ಮಂತ್ರಿಯ ರಾಜೀನಾಮೆಯವರೆಗೆ ಸಾಗಿದ ಘಟನಾಸರಣಿಗೆ ಅವರು ಕಾರಣರಾದರು.

ಫಿರೋಜ್ 1912ರ ಸೆಪ್ಟೆಂಬರ್ 12ರಂದು ಮುಂಬಯಿಯ ಪಾರಸಿ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ಜಹಾಂಗೀರ್ ಹಡಗುಗಳಲ್ಲಿ ಎಂಜಿನಿಯರ್ ಆಗಿದ್ದರು; ತಾಯಿ ರತಿಮಾಯಿ. ಮಹಾತ್ಮ ಗಾಂಧಿಯವರ ಮನೆತನಕ್ಕೂ ಇವರಿಗೂ ಯಾವ ರಕ್ತಸಂಬಂಧವೂ ಇರಲಿಲ್ಲ. ಬಾಲ್ಯದಲ್ಲಿಯೇ ಮುಂಬಯಿಯನ್ನು ಬಿಟ್ಟು, ಅಲಹಾಬಾದಿನಲ್ಲಿ ಶಸ್ತ್ರವೈದ್ಯೆಯಾಗಿದ್ದ ತಾಯಿಯ ಸೋದರಿ ಶಿರೀನ್ ಕಮಿಸಾರಿಯಟ್ ಅವರ ಆಶ್ರಯದಲ್ಲಿ ಅವರು ಬೆಳೆದರು. ಆ ಕಾಲದ ಅಲಹಾಬಾದು ರಾಷ್ಟ್ರೀಯ ಚಳವಳಿಯ ಕೇಂದ್ರಗಳಲ್ಲಿ ಒಂದು. 1930ರಲ್ಲಿ ಕಾಯಿದೆಭಂಗದ ಅಲೆ ಎದ್ದಾಗ ಯೂಯಿಂಗ್ ಕ್ರಿಶ್ಚಿಯನ್ ಕಾಲೇಜಿನ ವಿದ್ಯಾರ್ಥಿಯಾಗಿದ್ದ ಅವರು ಓದನ್ನು ಬದಿಗಿಟ್ಟು ಚಳವಳಿಗೆ ಧುಮುಕಿದರು. ಫೈಜಾಬಾದಿನ ಸೆರೆಮನೆಯಲ್ಲಿ ಲಾಲ್ ಬಹಾದೂರ್ ಶಾಸ್ತ್ರಿಯವರು ಅವರ ಜೊತೆಗಿದ್ದರು. ಮುಂದೆ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಅಭ್ಯಾಸ ಮಾಡಿದರು. 1942ರ ಮಾರ್ಚ್‌ನಲ್ಲಿ ಇಂದಿರಾ ನೆಹರೂ ಅವರನ್ನು ವಿವಾಹವಾದರು. ಅದೇ ವರ್ಷದ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ದಂಪತಿಗಳಿಬ್ಬರೂ ಸೆರೆಮನೆ ಸೇರಿದರು.

ಸ್ವಾತಂತ್ರ್ಯ ಸಮೀಪಿಸಿದ ಕಾಲದಲ್ಲಿ ಫಿರೋಜ್ ಲಖನೌದ ನ್ಯಾಷನಲ್ ಹೆರಾಲ್ಡ್ ಪತ್ರಿಕೆಯ ಆಡಳಿತದ ಹೊಣೆಯನ್ನು ವಹಿಸಿಕೊಂಡರು. ಸುದ್ದಿಯೊಂದು ಅಚ್ಚಿನ ಮನೆಯನ್ನು ತಲುಪುವ ಮೊದಲು ಎಂಥ ಅಂಜಿಕೆಗಳನ್ನು ದಾಟಬೇಕು ಎಂಬ ತಿಳಿವಳಿಕೆ ಪತ್ರಿಕಾ ಕಚೇರಿಯಲ್ಲಿ ದುಡಿದವರಿಗೆ ಸಹಜವಾಗಿ ಬರುತ್ತದೆ. ಅವರ ಮುಂದಿನ ಸಂಸದೀಯ ಜೀವನದಲ್ಲಿ ಇದು ನೆರವಿಗೆ ಬಂದಿತು. 1950ರಲ್ಲಿ ಹಂಗಾಮಿ ಸಂಸತ್ತಿನ ಸದಸ್ಯರಾದ ಅವರು, 1952ರ ಮೊದಲ ಮಹಾಚುನಾವಣೆಯಲ್ಲಿ ರಾಯಬರೇಲಿ ಪ್ರದೇಶದಿಂದ ಲೋಕಸಭೆಗೆ ಆಯ್ಕೆಯಾದರು. 1957ರಲ್ಲಿ ರಾಯಬರೇಲಿಯ ಮತದಾರರು ಅವರನ್ನು ಮತ್ತೆ ಆರಿಸಿದರು.

ಸದನದಲ್ಲಿ ಅವರ ಮೊದಲ ವರ್ಷಗಳು ಹೆಚ್ಚುಕಡಿಮೆ ಮೌನದ ವರ್ಷಗಳು. ಆದರೆ ಆ ಮೌನ ಸೋಮಾರಿತನದ್ದಾಗಿರಲಿಲ್ಲ. ಸಂಸತ್ ಭವನದ ಸೆಂಟ್ರಲ್ ಹಾಲಿನಲ್ಲಿ ಅವರು ಕುಳಿತುಕೊಳ್ಳುತ್ತಿದ್ದ ಮೂಲೆಗೆ ಅವರದೇ ಹೆಸರು ಬಿದ್ದಿತ್ತು. ಪಕ್ಷಭೇದವಿಲ್ಲದೆ ಸದಸ್ಯರೂ ಪತ್ರಕರ್ತರೂ ಅಲ್ಲಿ ಸೇರುತ್ತಿದ್ದರು. ಮರಗೆಲಸದಲ್ಲಿಯೂ ಗುಲಾಬಿ ತೋಟದಲ್ಲಿಯೂ ಅವರಿಗೆ ಒಲವಿತ್ತು. ಕಾಗದಪತ್ರಗಳ ಕೆಲಸದಲ್ಲಿಯೂ ಅದೇ ಬಗೆಯ ತಾಳ್ಮೆಯನ್ನು ಅವರು ತೋರಿದರು. ಕಂಪನಿಗಳ ವಾರ್ಷಿಕ ಲೆಕ್ಕಪತ್ರ, ಷೇರುಪೇಟೆಯ ದರಪಟ್ಟಿ, ಸರಕಾರಿ ವರದಿಗಳನ್ನು ಓದಿ, ಒಂದರ ಅಂಕಿಯನ್ನು ಇನ್ನೊಂದರ ಅಂಕಿಯೊಡನೆ ಹೋಲಿಸಿ ನೋಡಿದ ಮೇಲೆಯೇ ಅವರು ಮಾತಿಗೆ ಎದ್ದು ನಿಲ್ಲುತ್ತಿದ್ದರು.

ಅವರ ಕಾರ್ಯದ ಮಹತ್ವ ತಿಳಿಯಬೇಕಾದರೆ ಸಂಸದೀಯ ಪ್ರಶ್ನೆಯ ಸ್ವರೂಪವನ್ನು ಸ್ವಲ್ಪ ಗಮನಿಸುವುದು ಅಗತ್ಯ. ಬ್ರಿಟಿಷ್ ಆಳ್ವಿಕೆಯಲ್ಲಿ ಶಾಸನಸಭೆಯ ಸದಸ್ಯರಿಗೆ ಪ್ರಶ್ನೆ ಕೇಳುವ ಹಕ್ಕು ದೊರೆತದ್ದು 1892ರ ಕಾಯಿದೆಯ ಮೂಲಕ. ಆಗ ಉಪಪ್ರಶ್ನೆಗೆ ಅವಕಾಶವಿರಲಿಲ್ಲ. 1909ರ ಸುಧಾರಣೆಗಳ ಬಳಿಕ, ಮೂಲಪ್ರಶ್ನೆ ಕೇಳಿದ ಸದಸ್ಯನಿಗೆ ಮಾತ್ರ ಉಪಪ್ರಶ್ನೆ ಕೇಳುವ ಅವಕಾಶ ಬಂದಿತು. ಈ ಇಕ್ಕಟ್ಟಿನ ಎಲ್ಲೆಯೊಳಗೆ ಸರಕಾರದ ಅಂಕಿಗಳನ್ನೇ ಆಧಾರವಾಗಿಟ್ಟುಕೊಂಡು ಸರಕಾರವನ್ನು ವಿಚಾರಿಸುವ ಪರಂಪರೆಯನ್ನು ಕಟ್ಟಿದವರಲ್ಲಿ ಗೋಪಾಲಕೃಷ್ಣ ಗೋಖಲೆಯವರು ಅಗ್ರಗಣ್ಯರು. ಮೊದಲು ಮುಂಬಯಿ ಶಾಸನಸಭೆಯಲ್ಲಿ, ಬಳಿಕ ವೈಸರಾಯರ ಶಾಸನಸಭೆಯಲ್ಲಿ ಅವರು ಈ ಮಾರ್ಗವನ್ನು ಅನುಸರಿಸಿದರು. ಸಾರ್ವಜನಿಕ ಜೀವನಕ್ಕೆ ಆವೇಶಕ್ಕಿಂತ ವಸ್ತುಸ್ಥಿತಿಯ ಅಧ್ಯಯನ ಮುಖ್ಯವೆಂದು ನಂಬಿದ ಡಿ.ವಿ.ಗುಂಡಪ್ಪನವರು 1945ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಸಂಸ್ಥೆಗೆ ಗೋಖಲೆಯವರ ಹೆಸರನ್ನಿಟ್ಟದ್ದು ಕನ್ನಡಿಗರಿಗೆ ತಿಳಿದ ಸಂಗತಿ. ಫಿರೋಜ್ ಅವರ ಸ್ವಭಾವ ಗೋಖಲೆಯವರ ಸ್ವಭಾವಕ್ಕಿಂತ ಬೇರೆಯಾಗಿದ್ದರೂ ಅವರ ಕಾರ್ಯವಿಧಾನ ಈ ಪರಂಪರೆಗೇ ಸೇರುತ್ತದೆ.

ಲೋಕಸಭೆಯಲ್ಲಿ ಪ್ರಶ್ನೆಗಳು ಮುಖ್ಯವಾಗಿ ಎರಡು ಬಗೆ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿಗಳು ಸಭೆಯಲ್ಲಿ ಬಾಯಿಮಾತಿನ ಉತ್ತರ ಕೊಡುತ್ತಾರೆ. ಅದರ ಬೆನ್ನಿಗೆ ಉಪಪ್ರಶ್ನೆಗಳು ಏಳಬಹುದು. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಬರಹದಲ್ಲಿ ಉತ್ತರ ಬರುತ್ತದೆ, ಅದಕ್ಕೆ ಉಪಪ್ರಶ್ನೆಯಿಲ್ಲ. ಎರಡಕ್ಕೂ ಸದಸ್ಯರು ಮುಂಚಿತವಾಗಿ ಬರಹದಲ್ಲಿ ಸೂಚನೆ ಕೊಡಬೇಕು. ಪ್ರಶ್ನೆಯಲ್ಲಿ ವಾದವಿರಬಾರದು, ವ್ಯಂಗ್ಯವಿರಬಾರದು, ಆರೋಪವಿರಬಾರದು. ಮೇಲುನೋಟಕ್ಕೆ ಈ ನಿಯಮಗಳು ಪ್ರಶ್ನೆಯ ಹಲ್ಲು ಕಿತ್ತಂತೆ ತೋರುತ್ತವೆ. ವಾಸ್ತವವಾಗಿ ಅದರ ಬಲ ಇರುವುದು ಇಲ್ಲಿಯೇ. ಆರೋಪವನ್ನು ಮಂತ್ರಿ ಪ್ರತ್ಯಾರೋಪದಿಂದ ಎದುರಿಸಬಹುದು. ಎಷ್ಟು ಹಣ, ಯಾವ ದಿನ, ಯಾರಿಗೆ, ಯಾರ ಅಪ್ಪಣೆಯಿಂದ ಎಂಬ ಸರಳ ವಿಚಾರಣೆಗೆ ಉತ್ತರವನ್ನೇ ಕೊಡಬೇಕು. ಸೂಚನೆ ತಲುಪಿದೊಡನೆ ಇಲಾಖೆಯಲ್ಲಿ ಕಡತ ಹೊರಬರುತ್ತದೆ. ಗುಮಾಸ್ತರಿಂದ ಕಾರ್ಯದರ್ಶಿಯವರೆಗೆ ಅದು ಮೇಲೇರುತ್ತದೆ. ಕೊನೆಗೆ ಮಂತ್ರಿ ಕೊಟ್ಟ ಉತ್ತರ ಸಭೆಯ ದಾಖಲೆಯಾಗುತ್ತದೆ. ಆ ಬಳಿಕ ಸರಕಾರವೇ ತನ್ನ ಮಾತಿಗೆ ಬದ್ಧವಾಗಬೇಕು. ಉತ್ತರದಲ್ಲಿ ಕೊಟ್ಟ ಭರವಸೆಗಳು ಈಡೇರಿದುವೇ ಎಂದು ನೋಡುವುದಕ್ಕೆ 1953ರಲ್ಲಿಯೇ ಲೋಕಸಭೆ ಒಂದು ಸಮಿತಿಯನ್ನು ರಚಿಸಿತು.

ಫಿರೋಜ್ ಅವರ ಹೆಸರು ದೇಶಕ್ಕೆ ತಿಳಿದದ್ದು 1955ರ ಡಿಸೆಂಬರ್‌ನಲ್ಲಿ. ಆಗ ಜೀವವಿಮೆ ಖಾಸಗಿ ಕಂಪನಿಗಳ ಕೈಯಲ್ಲಿತ್ತು. ವಿಮಾ ಕಾಯಿದೆಯ ತಿದ್ದುಪಡಿ ಮಸೂದೆಯ ಚರ್ಚೆಯಲ್ಲಿ ಮಾತನಾಡುತ್ತ ಅವರು, ರಾಮಕೃಷ್ಣ ದಾಲ್ಮಿಯಾ ಅವರ ಹಿಡಿತದಲ್ಲಿದ್ದ ಭಾರತ್ ಇನ್ಷೂರೆನ್ಸ್ ಕಂಪನಿಯ ಹಣ ಹೇಗೆ ದಾರಿ ತಪ್ಪಿತೆಂಬುದನ್ನು ಸಭೆಯ ಮುಂದೆ ಬಿಡಿಸಿಟ್ಟರು. ಪಾಲಿಸಿದಾರರು ವರ್ಷವರ್ಷವೂ ಕಟ್ಟಿದ ಕಂತಿನ ಹಣ ಮಾಲಿಕರ ಬೇರೆ ಉದ್ಯಮಗಳಿಗೆ ಹರಿದ ಬಗೆಯನ್ನು ಅವರು ಅಂಕಿಗಳ ಮೂಲಕ ತೋರಿಸಿದರು. ದಾಲ್ಮಿಯಾ ಅವರಿಗೆ ಮುಂದೆ ನ್ಯಾಯಾಲಯದಲ್ಲಿ ಶಿಕ್ಷೆಯಾಯಿತು. 1956ರ ಜನವರಿ 19ರಂದು ಹಣಕಾಸು ಮಂತ್ರಿ ಚಿಂತಾಮಣರಾವ್ ದೇಶಮುಖರು ಜೀವವಿಮೆಯ ರಾಷ್ಟ್ರೀಕರಣವನ್ನು ಪ್ರಕಟಿಸಿದರು. ಆ ವರ್ಷದ ಸೆಪ್ಟೆಂಬರ್ 1ರಂದು 245 ವಿಮಾ ಸಂಸ್ಥೆಗಳನ್ನು ಒಳಗೊಂಡ ಜೀವವಿಮಾ ನಿಗಮ ಅಸ್ತಿತ್ವಕ್ಕೆ ಬಂದಿತು. ಅದರ ಕೇಂದ್ರ ಕಚೇರಿ ಮುಂಬಯಿಯಲ್ಲಿ ನೆಲೆಗೊಂಡಿತು. ರಾಷ್ಟ್ರೀಕರಣಕ್ಕೆ ಬೇರೆ ಕಾರಣಗಳೂ ಇದ್ದುವು. ಆದರೆ ಅದರ ಅಗತ್ಯವನ್ನು ಜನರ ಮನಸ್ಸಿಗೆ ತಟ್ಟುವಂತೆ ಮಾಡಿದ್ದು ಈ ಭಾಷಣ.

ಇದೇ ಸಂದರ್ಭದಲ್ಲಿ ಇನ್ನೊಂದು ಕೊರತೆ ಅವರ ಗಮನಕ್ಕೆ ಬಂದಿತು. ಸದನದಲ್ಲಿ ಆಡಿದ ಮಾತಿಗಾಗಿ ಸದಸ್ಯನ ಮೇಲೆ ಮೊಕದ್ದಮೆ ಹೂಡುವಂತಿಲ್ಲ. ಸಂವಿಧಾನದ 105ನೆಯ ವಿಧಿ ಅವನಿಗೆ ರಕ್ಷಣೆ ಕೊಡುತ್ತದೆ. ಆದರೆ ಅದೇ ಮಾತನ್ನು ವರದಿ ಮಾಡುವ ಪತ್ರಿಕೆಗೆ ಅಂಥ ಸ್ಪಷ್ಟ ರಕ್ಷಣೆಯಿರಲಿಲ್ಲ. ಪತ್ರಿಕೆಗಳು ಮಾನನಷ್ಟದ ಮೊಕದ್ದಮೆಗೆ ಅಂಜಿ ವರದಿ ಮಾಡದೆ ಉಳಿದರೆ, ಸಭೆಯಲ್ಲಿ ದೊರೆತ ಉತ್ತರ ಮುದ್ರಿತ ನಡವಳಿಗಳ ಸಂಪುಟದಲ್ಲಿಯೇ ಹೂತುಹೋಗುತ್ತದೆ. ಈ ಕಾರಣದಿಂದ ಫಿರೋಜ್ ಖಾಸಗಿ ಸದಸ್ಯರ ಮಸೂದೆಯೊಂದನ್ನು ಮಂಡಿಸಿದರು. ಸಂಸತ್ತಿನ ನಡವಳಿಗಳನ್ನು ಬಹುಮಟ್ಟಿಗೆ ಯಥಾರ್ಥವಾಗಿ, ದುರುದ್ದೇಶವಿಲ್ಲದೆ, ಸಾರ್ವಜನಿಕ ಹಿತಕ್ಕಾಗಿ ಪ್ರಕಟಿಸಿದವರ ಮೇಲೆ ಮೊಕದ್ದಮೆ ನಡೆಯಕೂಡದೆಂಬುದು ಅದರ ತಿರುಳು. 1956ರಲ್ಲಿ ಅದು ಕಾಯಿದೆಯಾಯಿತು. ಖಾಸಗಿ ಸದಸ್ಯರು ತಂದ ಮಸೂದೆಗಳಲ್ಲಿ ಕಾಯಿದೆಯ ಪುಸ್ತಕವನ್ನು ಸೇರಿದವು ಬೆರಳೆಣಿಕೆಯಷ್ಟು. ಅವುಗಳಲ್ಲಿ ಇದೂ ಒಂದು. ಪ್ರಶ್ನೆ, ಉತ್ತರ, ದಾಖಲೆ, ಪ್ರಕಟಣೆ ಇವು ಒಂದೇ ಸರಪಣಿಯ ಕೊಂಡಿಗಳೆಂಬುದನ್ನು ಅವರು ಎಷ್ಟು ಸ್ಪಷ್ಟವಾಗಿ ಕಂಡಿದ್ದರೆಂಬುದಕ್ಕೆ ಈ ಕಾಯಿದೆಯೇ ಸಾಕ್ಷಿ.

ಜೀವವಿಮಾ ನಿಗಮಕ್ಕೆ ಒಂದು ವರ್ಷ ತುಂಬುವ ಮೊದಲೇ ಅದರ ಪರೀಕ್ಷೆಯ ಕಾಲ ಬಂದಿತು. 1957ರ ಜೂನ್ ತಿಂಗಳ ಕೊನೆಯ ಭಾಗದಲ್ಲಿ ನಿಗಮವು ಕಲಕತ್ತೆಯ ಉದ್ಯಮಿ ಹರಿದಾಸ್ ಮುಂಧ್ರಾ ಅವರಿಗೆ ಸಂಬಂಧಿಸಿದ ಆರು ಕಂಪನಿಗಳ ಷೇರುಗಳನ್ನು ಸುಮಾರು ಒಂದೂಕಾಲು ಕೋಟಿ ರೂಪಾಯಿ ತೆತ್ತು ಕೊಂಡಿತು. ಖರೀದಿ ನಡೆದದ್ದು ಬಹಿರಂಗವಾಗಿ ಪೇಟೆಯಲ್ಲಲ್ಲ, ಮುಂಧ್ರಾ ಅವರೊಡನೆ ನೇರವಾಗಿ. ಅವರ ಹಣಕಾಸಿನ ಸ್ಥಿತಿ ಆ ವೇಳೆಗೆ ಹದಗೆಟ್ಟಿತ್ತು. ಇಂಥ ವಿಷಯದಲ್ಲಿ ಸಲಹೆ ಕೊಡುವುದಕ್ಕೆಂದೇ ನಿಗಮದಲ್ಲಿ ಹೂಡಿಕೆ ಸಮಿತಿಯಿತ್ತು. ಖರೀದಿಗೆ ಮೊದಲು ಅದನ್ನು ಕೇಳಲಿಲ್ಲ. ಆ ಹಣ ಸರಕಾರದ ತೆರಿಗೆಯದಾಗಿರಲಿಲ್ಲ. ಸಂಬಳದಲ್ಲಿ ಅಷ್ಟಿಷ್ಟು ಉಳಿಸಿ, ತಮ್ಮ ನಂತರ ಹೆಂಡಿರು ಮಕ್ಕಳಿಗೆ ಆಸರೆಯಾಗಲೆಂದು ಕಂತು ಕಟ್ಟುತ್ತಿದ್ದ ಲಕ್ಷಾಂತರ ಶಾಲಾಶಿಕ್ಷಕರ, ಗುಮಾಸ್ತರ, ಸಣ್ಣ ವ್ಯಾಪಾರಿಗಳ ಹಣ ಅದು.

ಪತ್ರಿಕೆಗಳಲ್ಲಿ ಈ ಖರೀದಿಯ ಸುಳಿವು ಕಾಣಿಸಿಕೊಂಡ ಬಳಿಕ, ಸೆಪ್ಟೆಂಬರ್ ತಿಂಗಳ ಆರಂಭದಲ್ಲಿ ವಿಷಯ ಪ್ರಶ್ನೆಯ ರೂಪದಲ್ಲಿ ಲೋಕಸಭೆಯ ಮುಂದೆ ಬಂದಿತು. ಅದನ್ನೆತ್ತಿದವರಲ್ಲಿ ರಾಮ್ ಸುಭಗ್ ಸಿಂಗ್ ಒಬ್ಬರು, ಫಿರೋಜ್ ಇನ್ನೊಬ್ಬರು. ಇಬ್ಬರೂ ಕಾಂಗ್ರೆಸ್ ಸದಸ್ಯರೇ. ಆ ದಿನ ದೊರೆತ ಉತ್ತರದಿಂದ ವ್ಯವಹಾರದ ಪೂರ್ಣ ಚಿತ್ರ ಸಭೆಗೆ ತಿಳಿಯಲಿಲ್ಲ. ಹಲವು ಪ್ರಶ್ನೆಗಳು ಕೊನೆಗೊಳ್ಳುವುದು ಇಂಥ ಹಂತದಲ್ಲಿಯೇ. ಉತ್ತರ ಬಂದಿತೆಂದು ಸದಸ್ಯ ಸುಮ್ಮನಾಗುತ್ತಾನೆ. ಇಲಾಖೆ ಕಡತವನ್ನು ಕಟ್ಟಿಡುತ್ತದೆ. ಇಲ್ಲಿ ಹಾಗಾಗಲಿಲ್ಲ. ನವೆಂಬರ್ ಕೊನೆಯಲ್ಲಿ ಅದೇ ವಿಷಯ ಮತ್ತೆ ಪ್ರಶ್ನೆಯಾಗಿ ಬಂದು, ಖರೀದಿಯ ವಿವರಗಳು ಸರಕಾರದ ಬಾಯಿಂದಲೇ ಹೊರಬಿದ್ದುವು. ಅಲ್ಲಿಯವರೆಗೆ ಊಹೆಯಾಗಿದ್ದುದು ಈಗ ದಾಖಲೆಯಾಯಿತು. ಸದಸ್ಯರಿಗೆ ನಿಲ್ಲಲು ಗಟ್ಟಿಯಾದ ನೆಲ ದೊರೆಯಿತು.

ಆ ನೆಲದ ಮೇಲೆ ನಿಂತು 1957ರ ಡಿಸೆಂಬರ್ 16ರಂದು ಫಿರೋಜ್ ಲೋಕಸಭೆಯಲ್ಲಿ ಮಾತನಾಡಿದರು. ಷೇರುಗಳ ಪೇಟೆದರಗಳನ್ನು ನಿಗಮ ತೆತ್ತ ಬೆಲೆಯ ಪಕ್ಕದಲ್ಲಿಟ್ಟು ತೋರಿಸಿದರು. ಷೇರುಪೇಟೆಯನ್ನು ಕುಸಿತದಿಂದ ಕಾಪಾಡಲು ಖರೀದಿ ಅಗತ್ಯವಾಗಿತ್ತೆಂಬ ಸಮರ್ಥನೆಯನ್ನು ಪರಿಶೀಲನೆಗೆ ಒಡ್ಡಿದರು. ಪಾಲಿಸಿದಾರರ ಹಣದಿಂದ ಒಬ್ಬ ಉದ್ಯಮಿಯ ಸಂಕಟವನ್ನು ಪರಿಹರಿಸಲು ಯಾರು ಯಾರಿಗೆ ಅಧಿಕಾರ ಕೊಟ್ಟರು ಎಂಬುದೇ ಅವರ ವಾದದ ಮೂಲದಲ್ಲಿದ್ದ ಪ್ರಶ್ನೆ. ರಾಷ್ಟ್ರೀಕರಣವನ್ನು ಬಯಸಿದವರೇ ರಾಷ್ಟ್ರೀಕೃತ ಸಂಸ್ಥೆಯ ಲೆಕ್ಕ ಕೇಳಬೇಕಾಗಿ ಬಂದಿತು. ಖಾಸಗಿ ಮಾಲಿಕನಿಗೆ ಅನ್ವಯಿಸುವ ಅಳತೆಗೋಲು ಸರಕಾರಕ್ಕೂ ಅನ್ವಯಿಸಬೇಕೆಂಬ ನಿಲುವು ಅವರದಾಗಿತ್ತು.

ಸರಕಾರ ವಿಚಾರಣೆಗೆ ಒಪ್ಪಿತು. ಮುಂಬಯಿ ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿ ಎಂ.ಸಿ.ಚಾಗ್ಲಾ ಅವರು 1958ರ ಜನವರಿಯಲ್ಲಿ ಏಕಸದಸ್ಯ ಆಯೋಗವಾಗಿ ನೇಮಕಗೊಂಡರು. ಮುಂಬಯಿಯಲ್ಲಿ ನಡೆದ ವಿಚಾರಣೆ ಸಂಪೂರ್ಣವಾಗಿ ಬಹಿರಂಗವಾಗಿತ್ತು. ಒಳಗೆ ಸ್ಥಳ ಸಿಗದ ಜನ ಹೊರಗೆ ನಿಂತು ಧ್ವನಿವರ್ಧಕಗಳ ಮೂಲಕ ಕಲಾಪವನ್ನು ಕೇಳುತ್ತಿದ್ದರು. ಹಣಕಾಸು ಮಂತ್ರಿ ಟಿ.ಟಿ.ಕೃಷ್ಣಮಾಚಾರಿ, ಅವರ ಇಲಾಖೆಯ ಪ್ರಧಾನ ಕಾರ್ಯದರ್ಶಿ ಎಚ್.ಎಂ.ಪಟೇಲ್, ನಿಗಮದ ಹಿರಿಯ ಅಧಿಕಾರಿಗಳು ಮುಂತಾದವರೆಲ್ಲ ಸಾಕ್ಷ್ಯ ನುಡಿಯಬೇಕಾಯಿತು. ಸರಕಾರದ ಅಟಾರ್ನಿ ಜನರಲ್ ಎಂ.ಸಿ.ಸೆಟಲ್ವಾಡ್ ಅವರು ಆಯೋಗಕ್ಕೆ ನೆರವಾದರು. ಆಯೋಗವು ಫೆಬ್ರವರಿ ತಿಂಗಳಲ್ಲಿಯೇ ವರದಿ ಒಪ್ಪಿಸಿತು. ಖರೀದಿಯು ವ್ಯವಹಾರದ ನೀತಿಗೆ ಅನುಗುಣವಾಗಿರಲಿಲ್ಲವೆಂದೂ ಕಾರ್ಯದರ್ಶಿಯ ಕೃತ್ಯಕ್ಕೆ ಸಂವಿಧಾನದ ದೃಷ್ಟಿಯಿಂದ ಮಂತ್ರಿಯೇ ಹೊಣೆಯೆಂದೂ ಅದು ನಿರ್ಣಯಿಸಿತು. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಫೆಬ್ರವರಿ 28ರಂದು ಪ್ರಧಾನಿ ನೆಹರೂ ಅವರೇ ಮುಂಗಡಪತ್ರವನ್ನು ಮಂಡಿಸಬೇಕಾಯಿತು.

ಚಾಗ್ಲಾ ಆಯೋಗ ವ್ಯಕ್ತಿಗಳ ತಪ್ಪೊಪ್ಪುಗಳನ್ನು ಹೇಳಿ ಅಲ್ಲಿಗೇ ನಿಲ್ಲಲಿಲ್ಲ. ಸ್ವಾಯತ್ತ ನಿಗಮಗಳ ದೈನಂದಿನ ವ್ಯವಹಾರದಲ್ಲಿ ಸರಕಾರ ಕೈಹಾಕಬಾರದು. ಕೈಹಾಕಲೇಬೇಕಾದರೆ ಲಿಖಿತ ಆದೇಶ ಕೊಟ್ಟು ಅದರ ಹೊಣೆಯನ್ನು ಹೊರಬೇಕು ಎಂಬ ತತ್ತ್ವವನ್ನು ಮುಂದಿಟ್ಟಿತು. ಸಂಸತ್ತನ್ನು ಮೊದಲ ಸಂದರ್ಭದಲ್ಲಿಯೇ ವಿಶ್ವಾಸಕ್ಕೆ ತೆಗೆದುಕೊಳ್ಳುವುದು ಮಂತ್ರಿಗಳ ಕರ್ತವ್ಯವೆಂಬುದನ್ನೂ ಒತ್ತಿ ಹೇಳಿತು. ಮೊದಲ ಪ್ರಶ್ನೆಗೇ ಪೂರ್ಣ ಉತ್ತರ ದೊರೆತಿದ್ದರೆ ಸರಕಾರಕ್ಕೆ ಇಷ್ಟು ದೊಡ್ಡ ಮುಖಭಂಗ ಒದಗುತ್ತಿರಲಿಲ್ಲವೆಂಬ ಪಾಠ ಇದರಲ್ಲಿ ಅಡಗಿದೆ.

ಈ ಪ್ರಕರಣವನ್ನು ವ್ಯಕ್ತಿಗಳ ಸೋಲುಗೆಲವಿನ ಕಥೆಯಾಗಿ ಮಾತ್ರ ನೋಡುವುದು ಸರಿಯಲ್ಲ. ಅಧಿಕಾರಿಗಳ ನಡತೆಯನ್ನು ಕುರಿತು ನ್ಯಾಯಮೂರ್ತಿ ವಿವಿಯನ್ ಬೋಸ್ ಅವರ ಅಧ್ಯಕ್ಷತೆಯ ಮಂಡಳಿ ಬೇರೆಯಾಗಿ ವಿಚಾರಣೆ ನಡೆಸಿತು. ಕೃಷ್ಣಮಾಚಾರಿ 1962ರಲ್ಲಿ ಮಂತ್ರಿಮಂಡಲಕ್ಕೆ ಮರಳಿ, ಮರುವರ್ಷ ಮತ್ತೆ ಹಣಕಾಸು ಮಂತ್ರಿಯಾದರು. ಎಚ್.ಎಂ.ಪಟೇಲರು 1977ರಲ್ಲಿ ಜನತಾ ಸರಕಾರದ ಹಣಕಾಸು ಮಂತ್ರಿಯಾದರು. ವ್ಯಕ್ತಿಗಳು ಹೋದರು, ಬಂದರು. ಉಳಿದುದು ಮಂತ್ರಿಯ ಹೊಣೆಗಾರಿಕೆಯ ಪೂರ್ವನಿದರ್ಶನ. ಸರಕಾರಿ ಉದ್ಯಮಗಳ ಮೇಲೆ ಸಂಸತ್ತಿನ ಕಣ್ಣಿರಬೇಕೆಂಬ ವಿಚಾರ ಬಲಗೊಂಡು, 1964ರಲ್ಲಿ ಅದಕ್ಕಾಗಿಯೇ ಪ್ರತ್ಯೇಕ ಸಂಸದೀಯ ಸಮಿತಿ ರಚನೆಯಾಯಿತು.

ಫಿರೋಜ್ ಅವರ ಪಾಲಿಗೆ ಈ ದಾರಿ ಸುಲಭದ್ದಾಗಿರಲಿಲ್ಲ. ಮುಜುಗರಕ್ಕೆ ಒಳಗಾದದ್ದು ಅವರ ಪಕ್ಷದ ಸರಕಾರ. ಆ ಸರಕಾರದ ಮುಖ್ಯಸ್ಥರು ಅವರ ಮಾವ. ದಿಲ್ಲಿಯಲ್ಲಿ ಅವರು ಪ್ರಧಾನಿಯ ನಿವಾಸದಲ್ಲಿ ನೆಲಸದೆ ಸದಸ್ಯರಿಗೆ ದೊರೆಯುವ ಮನೆಯಲ್ಲಿ ಬೇರೆಯಾಗಿ ವಾಸಿಸುತ್ತಿದ್ದರು. ಸ್ವಂತ ಸಮುದಾಯದ ಅಸಮಾಧಾನವನ್ನೂ ಅವರು ಲೆಕ್ಕಿಸಲಿಲ್ಲ. ಟಾಟಾ ಸಂಸ್ಥೆಯ ಟೆಲ್ಕೊ ಕಾರ್ಖಾನೆ ರೈಲ್ವೆಗೆ ಒದಗಿಸುತ್ತಿದ್ದ ಎಂಜಿನ್‌ಗಳ ಬೆಲೆ ಜಪಾನಿನ ಎಂಜಿನ್‌ಗಳ ಬೆಲೆಗಿಂತ ಬಹಳ ಹೆಚ್ಚೆಂಬ ವಿಷಯವನ್ನು ಅವರು ಎತ್ತಿದಾಗ ಪಾರಸಿ ಸಮಾಜದಲ್ಲಿ ಹಲವರು ಹುಬ್ಬೇರಿಸಿದರು. ಪಕ್ಷ, ಕುಟುಂಬ, ಸಮುದಾಯ ಈ ಮೂರರ ಹಂಗನ್ನೂ ಮೀರಿ ಲೆಕ್ಕ ಕೇಳಿದ್ದರಿಂದಲೇ ಅವರ ಪ್ರಶ್ನೆಗಳಿಗೆ ನೈತಿಕವಾದ ತೂಕ ಬಂದಿತು.

ದೇಹಸ್ಥಿತಿ ಅವರಿಗೆ ಹೆಚ್ಚು ಕಾಲ ಒದಗಲಿಲ್ಲ. ಹೃದಯಾಘಾತಕ್ಕೆ ಒಳಗಾಗಿ ಚೇತರಿಸಿಕೊಂಡಿದ್ದ ಅವರು, ಮತ್ತೊಮ್ಮೆ ಅದೇ ಆಘಾತಕ್ಕೆ ಗುರಿಯಾಗಿ 1960ರ ಸೆಪ್ಟೆಂಬರ್ 8ರಂದು ದಿಲ್ಲಿಯ ವಿಲಿಂಗ್‌ಡನ್ ಆಸ್ಪತ್ರೆಯಲ್ಲಿ ನಿಧನ ಹೊಂದಿದರು. ನಲವತ್ತೆಂಟು ತುಂಬಲು ಇನ್ನೂ ನಾಲ್ಕು ದಿನಗಳಿದ್ದುವು.

ಅವರು ತಂದ ಕಾಯಿದೆಯ ಮುಂದಿನ ಚರಿತ್ರೆ ಯೋಚನೆಗೆ ಹಚ್ಚುವಂಥದು. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1975ರ ಡಿಸೆಂಬರ್‌ನಲ್ಲಿ, ಇಂದಿರಾ ಗಾಂಧಿಯವರ ಸರಕಾರ ಸುಗ್ರೀವಾಜ್ಞೆಯ ಮೂಲಕ ಅದನ್ನು ರದ್ದುಪಡಿಸಿತು. 1977ರಲ್ಲಿ ಸರಕಾರ ಬದಲಾದ ಮೇಲೆ ಅದು ಮರಳಿ ಜೀವ ಪಡೆಯಿತು. 1978ರ ನಲವತ್ತನಾಲ್ಕನೆಯ ತಿದ್ದುಪಡಿ ಅದೇ ರಕ್ಷಣೆಯನ್ನು ಸಂವಿಧಾನದೊಳಗೆ ಸೇರಿಸಿ, ರಾಜ್ಯಗಳ ಶಾಸನಸಭೆಗಳಿಗೂ ವಿಸ್ತರಿಸಿತು. ಬೆಂಗಳೂರಿನ ವಿಧಾನಸೌಧದಲ್ಲಿ ಸದಸ್ಯರೊಬ್ಬರು ಕೇಳುವ ಪ್ರಶ್ನೆಯನ್ನೂ ಅದಕ್ಕೆ ದೊರೆಯುವ ಉತ್ತರವನ್ನೂ ಕನ್ನಡ ಪತ್ರಿಕೆಯೊಂದು ಯಥಾವತ್ತಾಗಿ ಪ್ರಕಟಿಸುವಾಗ ಅದಕ್ಕೆ ದೊರೆಯುವ ರಕ್ಷಣೆಯ ಹಿಂದೆ ಫಿರೋಜ್ ಅವರ ಆ ಪುಟ್ಟ ಮಸೂದೆಯ ಋಣವಿದೆ.

ಪ್ರಶ್ನೆಯೊಂದರಿಂದಲೇ ಆಡಳಿತ ಶುದ್ಧವಾಗುವುದಿಲ್ಲ. ಅದರ ಹಿಂದೆ ಅಭ್ಯಾಸವಿರಬೇಕು. ಅರೆ ಉತ್ತರಕ್ಕೆ ತೃಪ್ತಿಪಡದೆ ಮತ್ತೆ ಕೇಳುವ ಪಟ್ಟಿರಬೇಕು. ದೊರೆತ ಉತ್ತರವನ್ನು ಜನರಿಗೆ ಮುಟ್ಟಿಸುವ ಪತ್ರಿಕೆಯಿರಬೇಕು. ತನ್ನವರನ್ನೂ ಕೇಳಬಲ್ಲ ಎದೆಗಾರಿಕೆಯಿರಬೇಕು. ಮಂತ್ರಿಪದವಿಯನ್ನು ಒಮ್ಮೆಯೂ ಹಿಡಿಯದ ಫಿರೋಜ್ ಗಾಂಧಿಯವರಲ್ಲಿ ಈ ಗುಣಗಳು ಒಂದುಗೂಡಿದ್ದುವು. ಕಂತು ಕಟ್ಟುವ ಸಾಮಾನ್ಯ ಪಾಲಿಸಿದಾರನಿಗೆ ಲೋಕಸಭೆಯ ಕಲಾಪ ದೂರದ ವಿಷಯವಾಗಿ ತೋರಬಹುದು. ಆದರೆ ತನ್ನ ಹಣ ಎಲ್ಲಿ ಹೋಯಿತೆಂದು ತನ್ನ ಪರವಾಗಿ ಒಬ್ಬರು ಬರಹದಲ್ಲಿ ಕೇಳಿದರು, ಅದಕ್ಕೆ ಸರಕಾರ ಉತ್ತರ ಕೊಡಬೇಕಾಯಿತು ಎಂಬ ನಂಬಿಕೆಯ ಮೇಲೆಯೇ ಪ್ರಜಾಪ್ರಭುತ್ವದ ಕಟ್ಟಡ ನಿಂತಿದೆ. ಆ ನಂಬಿಕೆಯನ್ನು ದೇಶದ ಮೊದಲ ದಶಕದಲ್ಲಿಯೇ ಗಟ್ಟಿಗೊಳಿಸಿದ ಕೀರ್ತಿ ಅವರಿಗೆ ಸಲ್ಲುತ್ತದೆ.